ಅಬುಧಾಬಿಯ ಆಯ್ಕೆ ಸರಿ, ಕಾರಣ ಬೇರೆ

2025ರ ಜನವರಿಯಲ್ಲಿ ಅಬುಧಾಬಿಯ ಮಸ್ದರ್ ಕಂಪನಿ ಭಾರೀ ಯೋಜನೆಯೊಂದನ್ನು ಪ್ರಕಟಿಸಿತು: 5.2 ಗಿಗಾವಾಟ್ ಸೌರಫಲಕ, 19 ಗಿಗಾವಾಟ್-ಗಂಟೆ ಬ್ಯಾಟರಿ, ಹಗಲೂ ರಾತ್ರಿ ಬಿಡದೆ 1 ಗಿಗಾವಾಟ್ ವಿದ್ಯುತ್. ಬ್ಯಾಟರಿ ಒದಗಿಸುವುದು ಚೀನಾದ ಸಿಎಟಿಎಲ್. ಬಗೆ ಎಲ್‌ಎಫ್‌ಪಿ, ಅಂದರೆ ಲಿಥಿಯಂ-ಕಬ್ಬಿಣದ ಫಾಸ್ಫೇಟ್. ಅದೇ ವಾರ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಎನ್‌ಎಂಸಿ (ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್) ಬ್ಯಾಟರಿಗಳ ಕಟ್ಟಡ ಹೊತ್ತಿ ಉರಿಯಿತು. ಎಲ್‌ಎಫ್‌ಪಿ ಪರ ಇದಕ್ಕಿಂತ ದೊಡ್ಡ ವಕಾಲತ್ತು ಬೇಕಿರಲಿಲ್ಲ.

ಎನ್‌ಎಂಸಿ ಮಿತಿಮೀರಿ ಕಾದರೆ ತನ್ನೊಳಗಿನ ಆಮ್ಲಜನಕವನ್ನೇ ಬಿಟ್ಟು ಬೆಂಕಿಗೆ ಉಣಿಸುತ್ತದೆ. ಎಲ್‌ಎಫ್‌ಪಿಯಲ್ಲಿ ರಂಜಕ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಹಾಗೆಂದು ಇದೇನೂ ಸಾಧುವಲ್ಲ. 2021ರ ಏಪ್ರಿಲ್‌ನಲ್ಲಿ ಬೀಜಿಂಗ್‌ನ ಎಲ್‌ಎಫ್‌ಪಿ ಸ್ಥಾವರವೊಂದು ಸ್ಫೋಟಿಸಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ತೂಕದಲ್ಲಂತೂ ಎಲ್‌ಎಫ್‌ಪಿ ಹಿಂದೆ: ಸೆಲ್ಲಿನ ಲೆಕ್ಕದಲ್ಲಿ ಕೆಜಿಗೆ ಸುಮಾರು 160 ವಾಟ್-ಗಂಟೆ, ಎನ್‌ಎಂಸಿಗೆ 250ರ ಆಸುಪಾಸು. 19 ಗಿಗಾವಾಟ್-ಗಂಟೆಗೆ ಸೆಲ್‌ಗಳೇ ಲಕ್ಷ ಟನ್ ಮೀರುತ್ತವೆ. ಮರಳಿನ ಮೇಲೆ ಕೂತಿರುವುದಕ್ಕೆ ತೂಕದ ಚಿಂತೆ ಯಾಕೆ?

ನನ್ನ ತಕರಾರು, ಎಲ್‌ಎಫ್‌ಪಿ ಗಲ್ಫ್ ಬಿಸಿಲಿಗೆ ಹೇಳಿಮಾಡಿಸಿದ್ದು ಎಂಬ ಮಾತಿನ ಬಗ್ಗೆ. ಬೆಂಕಿ ಬೇರೆ, ಮುಪ್ಪು ಬೇರೆ. ಎರಡೂ ಬಗೆಗಳಲ್ಲಿ ಋಣಧ್ರುವ ಸಾಮಾನ್ಯವಾಗಿ ಗ್ರಾಫೈಟೇ. ಅದರ ಮೇಲೆ ಬೆಳೆಯುವ ಪೊರೆ ಲಿಥಿಯಂ ನುಂಗುತ್ತ ಹೋಗುತ್ತದೆ. ಸೆಕೆ ಏರಿದಷ್ಟೂ ಬೇಗ. ಎಲ್‌ಎಫ್‌ಪಿಯನ್ನೂ ತಂಪಾಗಿಡಬೇಕು, ಆ ತಂಪಿಗೂ ಕರೆಂಟ್ ಬೇಕು.

ಸೆಕೆಗೆ ನಿಜಕ್ಕೂ ಸೊಪ್ಪು ಹಾಕದ ಬ್ಯಾಟರಿ ಅಬುಧಾಬಿಯಲ್ಲಿ ಮೊದಲೇ ಇತ್ತು, ಅದು ಲಿಥಿಯಂನದಲ್ಲ ಅಷ್ಟೆ. ಜಪಾನಿನ ಎನ್‌ಜಿಕೆಯ ಸೋಡಿಯಂ-ಗಂಧಕ ಬ್ಯಾಟರಿಗಳನ್ನು 2019ರ ಹೊತ್ತಿಗೆ ಹತ್ತು ಕಡೆ ಸ್ಥಾಪಿಸಿದ್ದರು. ಒಟ್ಟು 108 ಮೆಗಾವಾಟ್, 648 ಮೆಗಾವಾಟ್-ಗಂಟೆ. ಅವು ಕೆಲಸ ಮಾಡುವುದೇ 300 ಡಿಗ್ರಿಯ ಸುಮಾರಿನಲ್ಲಿ. ಹೊರಗಿನ 48 ಡಿಗ್ರಿ ಅವಕ್ಕೆ ಲೆಕ್ಕಕ್ಕಿಲ್ಲ. ಆದರೂ ಹೊಸ ಯೋಜನೆಗೆ ಎಲ್‌ಎಫ್‌ಪಿಯೇ ಬಂತು. ಕೋಬಾಲ್ಟಿನ ಹಂಗಿಲ್ಲದೆ ಚೀನಾದಲ್ಲಿ ರಾಶಿಗಟ್ಟಲೆ ತಯಾರಾಗುವ ಸರಕಿನ ಬೆಲೆಯೇ ಇಲ್ಲಿ ಗೆದ್ದದ್ದು ಎಂದು ನನ್ನ ಎಣಿಕೆ. ಅದು ನಾಚಿಕೆಪಡುವ ಕಾರಣವೇನಲ್ಲ, ಬಾಯಿಬಿಟ್ಟು ಹೇಳಬಹುದು.

ದುಬೈ, ಶಾರ್ಜಾದಲ್ಲಿ ಎಲೆಕ್ಟ್ರಿಕ್ ಕಾರು ಕೊಳ್ಳುವ ನಮ್ಮವರಿಗೂ ಎಲ್‌ಎಫ್‌ಪಿಗೆ ಸೆಕೆ ತಾಗದೆಂಬ ಈ ಗೊಂದಲ ಅಂಟಿದೆ. ಎಲ್‌ಎಫ್‌ಪಿ ಕಾರನ್ನು ವಾರಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿ ಎಂದು ಕೆಲವು ಕಂಪನಿಗಳು ಹೇಳುವುದುಂಟು. ಅದರ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿರುವುದರಿಂದ ಎಷ್ಟು ಉಳಿದಿದೆಯೆಂದು ಮೀಟರಿಗೆ ಸರಿಯಾಗಿ ತಿಳಿಯದು, ಸಲಹೆ ಅದಕ್ಕಾಗಿ. ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿಬಿಡಿ ಎಂದು ಅದರರ್ಥವಲ್ಲ. ಜುಲೈ ರಜೆಗೆ ಊರಿಗೆ ಹೊರಡುವವರು ಬಯಲು ಪಾರ್ಕಿಂಗಿನಲ್ಲಿ ಬಿಡುವ ಕಾರು ಅರ್ಧ ಚಾರ್ಜಿನಲ್ಲಿದ್ದರೇ ಲೇಸು, ಬ್ಯಾಟರಿ ಯಾವ ಬಗೆಯದಾದರೂ.