'ಶುದ್ಧ ಪ್ರತಿ' ಎಂಬ ಮಾತಿನ ಬಗ್ಗೆ ಒಂದು ತಕರಾರು

ಕರಡು, ಶುದ್ಧ ಪ್ರತಿ, ಶುದ್ಧಿಪತ್ರ, ಮುನ್ನುಡಿ, ಬೆನ್ನುಡಿ. ಪುಸ್ತಕ ಪ್ರಕಟಣೆಯ ಈ ಮಾತುಗಳನ್ನು ನಾವು ಬರೀ ಕಸುಬಿನ ಮಾತುಗಳೆಂದೇ ತಿಳಿದಿದ್ದೇವೆ. ಇವುಗಳಲ್ಲಿ ಜಾತಿ ಎಲ್ಲಿಂದ ಬಂತು ಮಾರಾಯ ಎಂದು ಯಾರಾದರೂ ಕೇಳಬಹುದು. ನನ್ನದೇ ಬರಹವೊಂದರ ಪ್ರೂಫ್ ಕೈಗೆ ಬರುವ ತನಕ ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಕೇರಿಯ ಹಿರಿಯರ ಬದುಕನ್ನು ಕುರಿತ ಬರಹ ಅದು. 'ಅವ್ವ ಕೂಳು ಇಸ್ಕೊಂಡು ಬಂದ್ಲು' ಎಂದು ಬರೆದಿದ್ದೆ. ಕೆಂಪು ಶಾಯಿ ಅದನ್ನು 'ತಾಯಿ ಊಟ ತಂದಳು' ಎಂದು ಮಾಡಿತ್ತು. ತಿದ್ದಿದವರು ಕೆಟ್ಟವರೇನಲ್ಲ, 'ಭಾಷೆ ಶುದ್ಧವಾಗಲಿ' ಅಂತ ಅಂಚಿನಲ್ಲಿ ಪ್ರೀತಿಯಿಂದಲೇ ಬರೆದಿದ್ದರು. ಆದರೆ 'ಇಸ್ಕೊಂಡು' ಅನ್ನುವಲ್ಲಿ ಕೊಟ್ಟ ಕೈಯೊಂದಿದೆ. ಹಿತ್ತಲ ಬಾಗಿಲಿದೆ, ಮೇಲಿನಿಂದ ಹಾಕಿದ ಅನ್ನವಿದೆ, ಸೆರಗೊಡ್ಡಿ ನಿಂತ ಹೊತ್ತಿದೆ. 'ತಂದಳು' ಅನ್ನುವಲ್ಲಿ ಅದ್ಯಾವುದೂ ಇಲ್ಲ, ಹೋಟ್ಲಿಂದಲೂ ತರಬಹುದಲ್ಲ! ಕೂಳು ಕೊಟ್ಟ ಮನೆ ಸದ್ದಿಲ್ಲದೆ ವಾಕ್ಯದಿಂದ ಜಾರಿಕೊಂಡಿತ್ತು.

ಆಗಲೇ 'ಶುದ್ಧ ಪ್ರತಿ' ಎಂಬ ಮಾತು ಕಾಡತೊಡಗಿದ್ದು. ಬರಹ ಮೊದಲು ಕರಡು, ಅಂದರೆ ಒರಟು; ತಿದ್ದಿದ ಮೇಲೆ ಶುದ್ಧ. ಆಮೇಲೂ ಉಳಿದ ತಪ್ಪುಗಳಿಗೆ ಶುದ್ಧಿಪತ್ರ. ಮಡಿ ಮೈಲಿಗೆಯ ಈ ನುಡಿಯನ್ನು ಅಚ್ಚುಮನೆಯವರು ಬೇಕೆಂದೇ ಕಟ್ಟಿದರು ಎಂದು ನಾನು ಹೇಳುತ್ತಿಲ್ಲ. ಕಾಗುಣಿತದ ತಪ್ಪನ್ನು ತಿದ್ದಲೇಬೇಕು, ನನ್ನ ಬರಹದಲ್ಲೂ ಬೇಕಾದಷ್ಟಿದ್ದವು. ಕಾಗುಣಿತದ ತಪ್ಪನ್ನೂ ಕೇರಿಯ ಮಾತನ್ನೂ ಒಂದೇ ಗೆರೆಯಲ್ಲಿ ಹೊಡೆದುಹಾಕುವುದಕ್ಕೆ ನನ್ನ ವಿರೋಧ. ಆಡುನುಡಿಯಲ್ಲೇ ಕಟ್ಟಿದ ದೇವನೂರ ಮಹಾದೇವರ 'ಕುಸುಮಬಾಲೆ'ಗೆ 1990ರಲ್ಲೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಅಲ್ಲಿ ಅದನ್ನು ಶೈಲಿ ಎಂದು ಕೊಂಡಾಡುವವರೇ ಹೊಸಬನ ಹಸ್ತಪ್ರತಿಯಲ್ಲಿ ಅದನ್ನು ತಪ್ಪು ಅನ್ನುತ್ತಾರೆ.

ಮುನ್ನುಡಿಯದು ಇನ್ನೊಂದು ಕತೆ. ನಾಮದೇವ ಢಸಾಳರ ಮರಾಠಿ ಸಂಕಲನ 'ಗೋಲಪೀಠಾ' 1972ರಲ್ಲಿ ಬಂದಾಗ ಮುನ್ನುಡಿ ಬರೆದವರು ವಿಜಯ ತೆಂಡೂಲ್ಕರ್. ಮುಂಬಯಿಯ ಆ ಲೋಕದ ಎಷ್ಟೋ ಮಾತುಗಳು ತಮಗೆ ತಿಳಿಯದು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಕವಿಯ ಜೊತೆ ಅಲ್ಲಿನ ಬೀದಿ ಸುತ್ತಿದರು. ನಮ್ಮಲ್ಲಿ ಹೊಸ ದಲಿತ ಲೇಖಕನಿಗೆ ಸಿಗುವ ಮುನ್ನುಡಿ ಬಹುಪಾಲು ಜಾಮೀನು ಪತ್ರ: ಹುಡುಗ ಒರಟ, ಆದರೆ ಪ್ರಾಮಾಣಿಕ. ಕರಡಿಗೆ ಹೇಳುವ ಮಾತನ್ನೇ ಮನುಷ್ಯನಿಗೂ ಹೇಳುತ್ತಾರೆ.

ತಿದ್ದುಪಡಿ ಎಂದೊಡನೆ 1936ರ ಲಾಹೋರ್ ನೆನಪಾಗದೆ ಇರದು. ಅಂಬೇಡ್ಕರರನ್ನು ಸಮ್ಮೇಳನದ ಅಧ್ಯಕ್ಷತೆಗೆ ಕರೆದಿದ್ದ ಜಾತ್ ಪಾತ್ ತೋಡಕ್ ಮಂಡಲ, ಭಾಷಣವನ್ನು ಓದಿದ ಮೇಲೆ ಕೆಲವು ಭಾಗ ಕೈಬಿಡಿ ಎಂದಿತು. ಕರೆದವರು ಜಾತಿ ಮುರಿಯಲೆಂದೇ ಸಂಘ ಕಟ್ಟಿದ್ದ ಸುಧಾರಕರು ಎಂಬುದನ್ನು ಗಮನಿಸಬೇಕು. ಅಂಬೇಡ್ಕರರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನ ನಡೆಯಲಿಲ್ಲ, ಆಡದ ಆ ಭಾಷಣವನ್ನು ಅವರೇ ಪುಸ್ತಕವಾಗಿ ಹೊರತಂದರು. 'ಜಾತಿ ವಿನಾಶ'ದ ಆ ಇಂಗ್ಲಿಷ್ ಆವೃತ್ತಿಯ 1500 ಪ್ರತಿಗಳು ಎರಡೇ ತಿಂಗಳಲ್ಲಿ ಮುಗಿದವು. 1937ರ ಎರಡನೇ ಆವೃತ್ತಿಗೆ ಗಾಂಧೀಜಿಯ ವಿಮರ್ಶೆಯನ್ನೂ ತಮ್ಮ ಉತ್ತರವನ್ನೂ ಸೇರಿಸಿದರು. ಅನುಬಂಧ ಅನ್ನುವ ಸಪ್ಪೆ ಮಾತಿಗೆ ಇಷ್ಟು ಖಾರ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತಾನೇ ಅಚ್ಚು ಹಾಕಿಸುವ ತಾಕತ್ತಿಲ್ಲದ ಲೇಖಕ ಏನು ಮಾಡಬೇಕು ಅನ್ನುವುದು ಮಾತ್ರ ನಮ್ಮ ಪಾಲಿಗೆ ಉಳಿದ ಪ್ರಶ್ನೆ.

ಪ್ರೂಫ್ ತಿದ್ದುವವರಲ್ಲಿ ಒಂದು ಗುರುತಿದೆ. ಹೊಡೆದ ಪದದ ಅಡಿಯಲ್ಲಿ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ 'ಸ್ಟೆಟ್' ಎಂದು ಬರೆದರೆ, ಮೊದಲಿದ್ದಂತೆ ಇರಲಿ ಎಂದರ್ಥ. ಅವ್ವ, ಕೂಳು, ಇಸ್ಕೊಂಡು, ಬಂದ್ಲು ಎಲ್ಲದರ ಅಡಿಗೂ ಚುಕ್ಕಿ ಇಟ್ಟು ಕಳಿಸಿದೆ. ಎರಡನೇ ಪ್ರೂಫಿನಲ್ಲಿ ಎಲ್ಲವೂ ಮರಳಿದ್ದವು, ಆದರೆ ಉದ್ಧರಣ ಚಿಹ್ನೆಗಳೊಳಗೆ. ಕೆಳಗೊಂದು ಅಡಿಟಿಪ್ಪಣಿ: ಗ್ರಾಮ್ಯ ರೂಪ. ಅದನ್ನು ಹೊಡೆದು ಮತ್ತೆ ಕಳಿಸಿದ್ದೇನೆ.