ಇಂಜೆಕ್ಟರಿನ ‘ಕರೆಂಟ್ ಲಿಮಿಟ್’: ಕೈಪಿಡಿಯೊಂದರ ಭೌತವಿಜ್ಞಾನ

ಕಾರಿನ ಎಂಜಿನ್ನಿಗೆ ಪೆಟ್ರೋಲನ್ನು ಅಳೆದು ಕೊಡುವ ಎಲೆಕ್ಟ್ರಾನಿಕ್ ನಿಯಂತ್ರಕವನ್ನು ಆಸಕ್ತರು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಳ್ಳಬಹುದೆಂದು ತೋರಿಸಿದ ಸಾಧನಗಳಲ್ಲಿ ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೋ ಅವರ ‘ಮೆಗಾಸ್ಕ್ವರ್ಟ್’ ಪ್ರಸಿದ್ಧವಾದುದು. 2001ರ ಸುಮಾರಿಗೆ ಬಂದ ಅದರ ಮೊದಲ ಮಾದರಿಯಲ್ಲಿದ್ದದ್ದು ಮೋಟೊರೋಲಾದ ಎಂಟು ಬಿಟ್ಟಿನ ಒಂದು ಚಿಪ್ಪು. ಇದರ ಜೊತೆಗೆ ಬೆಳೆದ ‘ಮೆಗಾಮ್ಯಾನ್ಯುಯಲ್’ ಎಂಬ ಕೈಪಿಡಿ ಹಲವು ಕಡೆ ಪಠ್ಯಪುಸ್ತಕಕ್ಕಿಂತ ಚೆನ್ನಾಗಿದೆ. ಮಂಡಲದ ಚಿತ್ರವನ್ನು ಮುಚ್ಚಿಡದೆ ಬಿಡಿಸಿ ವಿವರಿಸುವ ಅದರ ಧಾರಾಳತನ ದೊಡ್ಡ ಕಂಪನಿಗಳ ಕೈಪಿಡಿಗಳಲ್ಲಿ ಕಾಣುವುದಿಲ್ಲ. ಆದರೆ ಕಡಿಮೆ ಪ್ರತಿರೋಧದ ಇಂಜೆಕ್ಟರುಗಳನ್ನು ಹೊಂದಿಸುವ ವಿಧಾನದಲ್ಲಿ ಅದು ಹೇಳುವುದನ್ನು ಒಪ್ಪುವುದು ಕಷ್ಟ. ಎಲ್-ಆರ್ ಮಂಡಲದ ಪಾಠ ಮಾಡುವವರಿಗೆ ಇಲ್ಲಿ ಒಳ್ಳೆಯ ಉದಾಹರಣೆಯೊಂದು ಸಿಗುತ್ತದೆ.

ಇಂಜೆಕ್ಟರ್ ಎಂದರೆ ವಿದ್ಯುತ್ಕಾಂತದಿಂದ ತೆರೆದುಕೊಳ್ಳುವ ಒಂದು ಕವಾಟ. ಸುರುಳಿಯ ರೋಧ ಸುಮಾರು 12ರಿಂದ 16 ಓಮ್ ಇದ್ದರೆ ಅದನ್ನು ಹೆಚ್ಚು ಪ್ರತಿರೋಧದ್ದೆಂದೂ, 2-3 ಓಮ್ ಇದ್ದರೆ ಕಡಿಮೆ ಪ್ರತಿರೋಧದ್ದೆಂದೂ ಕರೆಯುತ್ತಾರೆ. (ಮೀಟರಿನಲ್ಲಿ ಅಳೆಯುವುದು ಬರಿಯ ರೋಧವನ್ನು, ಪ್ರತಿರೋಧ ಎಂಬ ದೊಡ್ಡ ಹೆಸರು ರೂಢಿಯಿಂದ ಬಂದದ್ದು.) ಎರಡನೆಯ ಬಗೆಯದಕ್ಕೆ 14 ವೋಲ್ಟ್ ನೇರವಾಗಿ ಕೊಟ್ಟರೆ 2.5 ಓಮ್ ಸುರುಳಿಯಲ್ಲಿ ಪ್ರವಾಹ 5.6 ಆಂಪೇರಿಗೆ ಏರುತ್ತದೆ. ಅಂದರೆ 78 ವಾಟ್ ಶಾಖ. ಸುರುಳಿಯೂ ಅದನ್ನು ನಡೆಸುವ ಟ್ರಾನ್ಸಿಸ್ಟರೂ ಬಹಳ ಕಾಲ ತಾಳಲಾರವು.

ತಾಳಬೇಕಾದ ಅಗತ್ಯವೂ ಇಲ್ಲ. ಕವಾಟ ಮುಚ್ಚಿರುವಾಗ ಕಾಂತದ ಎದುರು ಗಾಳಿಯ ಅಂತರವಿರುತ್ತದೆ. ಅದನ್ನು ಎಳೆಯಲು ಹೆಚ್ಚು ಪ್ರವಾಹ ಬೇಕು. ಒಮ್ಮೆ ಎಳೆದುಕೊಂಡ ಮೇಲೆ ಅಂತರ ಕಿರಿದಾಗಿ, ಹಿಡಿದಿಡಲು ಅದರ ಒಂದು ಭಾಗ ಸಾಕು. ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯ ಎಲ್‌ಎಂ1949 ಎಂಬ ಹಳೆಯ ಚಿಪ್ಪು ಇದನ್ನೇ ಮಾಡುತ್ತಿತ್ತು: ಪ್ರವಾಹವನ್ನು ಅಳೆದು, ಗರಿಷ್ಠ ಮಟ್ಟ ತಲಪಿದೊಡನೆ ಸುಮಾರು ಕಾಲು ಭಾಗಕ್ಕೆ ಇಳಿಸುತ್ತಿತ್ತು.

ಮೆಗಾಸ್ಕ್ವರ್ಟ್ ಹಿಡಿದ ದಾರಿ ಬೇರೆ. ಮೊದಲ ಒಂದಿಷ್ಟು ಕಾಲ ಪೂರ್ಣ ವೋಲ್ಟೇಜ್; ಅನಂತರ ಅದನ್ನು ವೇಗವಾಗಿ ಹಚ್ಚಿ ಆರಿಸಿ, ಹಚ್ಚಿದ ಕಾಲದ ಪ್ರತಿಶತದಿಂದ ಸರಾಸರಿಯನ್ನು ತಗ್ಗಿಸುವುದು. ಬಳಕೆದಾರ ಎರಡು ಸಂಖ್ಯೆ ಕೊಡಬೇಕು: ಕಾಲದ ಮಿತಿ ಮತ್ತು ‘ಕರೆಂಟ್ ಲಿಮಿಟ್’ ಎಂಬ ಪ್ರತಿಶತ. ಹೆಚ್ಚು ಪ್ರತಿರೋಧದ ಇಂಜೆಕ್ಟರಿಗೆ 25.4 ಮಿಲಿಸೆಕೆಂಡ್ ಮತ್ತು 100 ಎಂದು ತುಂಬಿಸಲು ಸೂಚನೆಯಿದೆ. ಎಂಟು ಬಿಟ್ಟಿನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 255 ಎಂಬುದನ್ನು ನೆನೆದರೆ, 25.4 ಎಂದರೆ ‘ಎಂದೂ ಬೇಡ’ ಎಂದರ್ಥ.

ಮೊದಲ ಆಕ್ಷೇಪ ಹೆಸರಿನ ಬಗ್ಗೆ. ಇಲ್ಲಿ ಯಾರೂ ಪ್ರವಾಹವನ್ನು ಅಳೆಯುತ್ತಿಲ್ಲ. ಮಿತಿ ಹಾಕಿರುವುದು ವೋಲ್ಟೇಜಿನ ಸರಾಸರಿಗೆ. ಡಯೋಡಿನ ಪಾಲನ್ನು ಬಿಟ್ಟು ಲೆಕ್ಕ ಹಾಕೋಣ. 14 ವೋಲ್ಟಿನಲ್ಲಿ 30 ಪ್ರತಿಶತ ಎಂದರೆ 1.68 ಆಂಪೇರ್. ಬ್ಯಾಟರಿ 10 ವೋಲ್ಟಿಗೆ ಇಳಿದು, ಸುರುಳಿ 60 ಡಿಗ್ರಿ ಬಿಸಿಯೇರಿ ತಾಮ್ರದ ರೋಧ 3.1 ಓಮ್ ಆದರೆ ಅದೇ 30 ಪ್ರತಿಶತ ಕೊಡುವುದು 0.97 ಆಂಪೇರ್. ಹಿಡಿದಿಡಲು 1 ಆಂಪೇರ್ ಬೇಕಿದ್ದ ಕವಾಟ ಜಾರಿ ಮುಚ್ಚಿಕೊಳ್ಳುತ್ತದೆ. ಪರದೆಯ ಮೇಲಿನ ಸಂಖ್ಯೆ ಮಾತ್ರ ಬದಲಾಗಿಲ್ಲ!

ಎರಡನೆಯದು ಹೆಚ್ಚು ಗಂಭೀರ. ಕೈಪಿಡಿಯ ವಿಧಾನದ ತಿರುಳು ಇಷ್ಟು: ಎಂಜಿನ್ ನಿಂತಲ್ಲೇ ನಿಧಾನವಾಗಿ ಓಡುತ್ತಿರುವಾಗ ಪ್ರತಿಶತವನ್ನು ಸ್ವಲ್ಪಸ್ವಲ್ಪವೇ ಇಳಿಸಿ, ಓಟ ಕೆಡುವುದು ಕಂಡೊಡನೆ ಕೊಂಚ ಏರಿಸಿ ನಿಲ್ಲಿಸಿ, ಕಾಲದ ಮಿತಿಯನ್ನೂ ಹೀಗೆಯೇ ಹುಡುಕಿ. ಕೇಳಲು ಸರಳ, ಉಪಕರಣದ ಖರ್ಚೂ ಇಲ್ಲ. ಆದರೆ ನಿಧಾನದ ಓಟದಲ್ಲಿ ಪ್ರತಿ ಸ್ಪಂದ ಸುಮಾರು 2 ಮಿಲಿಸೆಕೆಂಡಿನದು. ಪ್ರೇರಕತ್ವ 2.5 ಮಿಲಿಹೆನ್ರಿ ಎಂದಿಟ್ಟುಕೊಂಡರೆ ಕಾಲಸ್ಥಿರಾಂಕ 1 ಮಿಲಿಸೆಕೆಂಡ್. 1 ಮಿಲಿಸೆಕೆಂಡಿನ ಮಿತಿ ಮುಗಿಯುವಾಗ ಪ್ರವಾಹ 3.54 ಆಂಪೇರಿಗೆ ಏರಿರುತ್ತದೆ. ಆಮೇಲೆ ಅದು ಇಳಿಯಲಾರಂಭಿಸಿದರೂ ಉಳಿದಿರುವುದು ಇನ್ನೊಂದೇ ಮಿಲಿಸೆಕೆಂಡ್. ಪ್ರತಿಶತವನ್ನು 10ಕ್ಕೆ ಇಳಿಸಿದರೂ ಸ್ಪಂದದ ಕೊನೆಯಲ್ಲಿ 1.66 ಆಂಪೇರ್ ಉಳಿದಿರುತ್ತದೆ. ಕವಾಟ ಹಾಯಾಗಿ ತೆರೆದೇ ಇರುತ್ತದೆ. ಓಟ ಕೆಡಲು ಕಾರಣವೇ ಇಲ್ಲ.

ಈಗ ಅದೇ ಕಾರು ಪೂರ್ಣ ಹೊರೆಯಲ್ಲಿ ಏರು ಹತ್ತಲಿ. ಸ್ಪಂದ 12 ಮಿಲಿಸೆಕೆಂಡಿಗೆ ಹಿಗ್ಗುತ್ತದೆ. ಪ್ರವಾಹ ತನ್ನ ನಿಜವಾದ ಕೊನೆಯ ಬೆಲೆಗೆ, ಅಂದರೆ 0.56 ಆಂಪೇರಿಗೆ, ಇಳಿಯುತ್ತದೆ. ಕವಾಟ ನಡುವೆಯೇ ಮುಚ್ಚುತ್ತದೆ. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗುವುದು ಎಂಜಿನ್ ಅತಿ ಬಿಸಿಯಾಗಿರುವ ಹೊತ್ತಿನಲ್ಲಿ. ಪಿಸ್ಟನ್ ಕರಗುವುದು ಇಂಥ ಸಂದರ್ಭದಲ್ಲೇ. ಯಾವ ರಾಶಿಯನ್ನು ಪರೀಕ್ಷಿಸಬೇಕೋ ಅದು ಪ್ರಕಟವಾಗದ ಸ್ಥಿತಿಯಲ್ಲಿ ಪರೀಕ್ಷೆ ನಡೆಸಿ ‘ಸರಿಯಾಗಿದೆ’ ಎನ್ನುವುದು ಯಾವ ಪ್ರಯೋಗಶಾಲೆಯಲ್ಲೂ ನಡೆಯದು.

ಕಾಲದ ಮಿತಿಯ ಕಥೆಯೂ ಹೀಗೆಯೇ. ತೆರೆಯಲು 3 ಆಂಪೇರ್ ಬೇಕೆನ್ನಿ. 14 ವೋಲ್ಟಿನಲ್ಲಿ ಅದಕ್ಕೆ 0.77 ಮಿಲಿಸೆಕೆಂಡ್, 10 ವೋಲ್ಟಿನಲ್ಲಿ 1.39. ಎಂಜಿನ್ ಓಡುತ್ತಿರುವಾಗ ಕಂಡುಕೊಂಡ 1 ಮಿಲಿಸೆಕೆಂಡ್, ಚಳಿಯ ಬೆಳಗ್ಗೆ ಸ್ಟಾರ್ಟರ್ ತಿರುಗುವಾಗ ಸಾಲದು.

ಸರಣಿಯಲ್ಲಿ ರೋಧಕ ಹಾಕುವುದು ಇನ್ನೊಂದು ಉಪಾಯ. ಕೈಪಿಡಿ ಅದನ್ನೂ ಹೇಳುತ್ತದೆ. ರೋಧ ಹೆಚ್ಚಿದರೆ ಕಾಲಸ್ಥಿರಾಂಕ ಕಿರಿದಾಗುವುದರಿಂದ ಕವಾಟ ಬೇಗ ತೆರೆಯುತ್ತದೆ ಎಂದು ವಿದ್ಯಾರ್ಥಿಗಳು ವಾದಿಸುವುದುಂಟು. ಪ್ರವಾಹದ ಆರಂಭದ ಏರಿಕೆಯ ದರ ವೋಲ್ಟೇಜ್ ಮತ್ತು ಪ್ರೇರಕತ್ವದ ಅನುಪಾತ. ಅದರಲ್ಲಿ ರೋಧಕ್ಕೆ ಪಾತ್ರವಿಲ್ಲ. ರೋಧಕದಿಂದ ಗೆರೆ ಬೇಗ ಚಪ್ಪಟೆಯಾಗುತ್ತದೆ ಅಷ್ಟೆ, ಕಡಿದಾಗುವುದಿಲ್ಲ.

ಮೇಲಿನ ಲೆಕ್ಕದಲ್ಲಿ ಪ್ರೇರಕತ್ವ ಸ್ಥಿರವೆಂದು ಭಾವಿಸಿದೆ. ನಿಜದಲ್ಲಿ ಗಾಳಿಯ ಅಂತರ ಮುಚ್ಚಿದಂತೆ ಅದು ಬದಲಾಗುತ್ತದೆ, ಮತ್ತು ಈ ಬದಲಾವಣೆಯೇ ನಮಗೆ ನೆರವಾಗುವುದು. ಸುರುಳಿಯೊಡನೆ 0.1 ಓಮ್ ರೋಧಕ ಸೇರಿಸಿ ಅದರ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ನೋಡಿದರೆ, ಏರುತ್ತಿರುವ ಗೆರೆಯಲ್ಲಿ ಒಂದು ಸಣ್ಣ ತಗ್ಗು ಕಾಣುತ್ತದೆ. ಚಲಿಸುವ ಕಬ್ಬಿಣದಿಂದ ಹುಟ್ಟಿದ ವಿರುದ್ಧ ವಿಭವದ ಗುರುತು ಅದು. ಕಡಿಮೆ ಪ್ರತಿರೋಧದವುಗಳಲ್ಲಿ ಕೊಂಚ ಮಸುಕಾಗಿರುತ್ತದೆ. ಇಂಜೆಕ್ಟರನ್ನು ಎಂಜಿನ್ನಿನಿಂದ ಕಳಚಿ, ಪೆಟ್ರೋಲಿನ ಬದಲು ಇಂಜೆಕ್ಟರ್ ಪರೀಕ್ಷೆಗೆಂದೇ ಸಿಗುವ ದ್ರವವನ್ನು ಬಳಸಿ, 10 ವೋಲ್ಟಿನಲ್ಲಿ ಈ ತಗ್ಗು ಎಲ್ಲಿದೆಯೆಂದು ಗುರುತಿಸಿ ಕಾಲದ ಮಿತಿಯನ್ನು ಅದರಾಚೆಗೆ ಇಡಬೇಕು. ಪ್ರತಿಶತವನ್ನು ಸುರುಳಿ ಬಿಸಿಯಾಗಿರುವಾಗ, 12 ಮಿಲಿಸೆಕೆಂಡಿಗೆ ಕಡಿಮೆಯಿಲ್ಲದ ಸ್ಪಂದದಲ್ಲಿ, ಅದೇ 10 ವೋಲ್ಟಿನಲ್ಲಿ ಆರಿಸಿ, ಕೊನೆಗೆ 14.5 ವೋಲ್ಟಿನಲ್ಲಿ ತಣ್ಣನೆಯ ಸುರುಳಿಯ ಶಾಖ ಎಷ್ಟಾಗುತ್ತದೆಂದು ನೋಡಿಕೊಳ್ಳಬೇಕು. ಅರ್ಧ ದಿನದ ಕೆಲಸ; ಪದವಿ ಕಾಲೇಜಿನ ಪ್ರಯೋಗಶಾಲೆಯ ಸಾಮಾನ್ಯ ಆಸಿಲೋಸ್ಕೋಪು ಇದಕ್ಕೆ ಸಾಕು.