ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಬಾಣಂತಿಯಾಗಿ ಹತ್ತು ದಿನವಾಗಿತ್ತು. ನಿದ್ದೆ ಬಿಟ್ಟಿದ್ದಳು, ಒಬ್ಬಳೇ ಮಾತನಾಡುತ್ತಿದ್ದಳು, ಮಗುವನ್ನು ತೋರಿಸಿದರೆ ಇದು ನನ್ನದಲ್ಲ ಎನ್ನುತ್ತಿದ್ದಳು. ಮನೆಯ ಹಿರಿಯರಿಗೆ ಅದು 'ಸಾಯಾ'. ಪಕ್ಕದ ಮನೆಯ ಅಜ್ಜಿಗೆ 'ಗಾಳಿ ಸೋಕಿದ್ದು'. ಈ ಒಂದು ವಿಷಯದಲ್ಲಿ ನಮ್ಮ ಕೋಮು ಸೌಹಾರ್ದಕ್ಕೆ ಎಂದೂ ಕೊರತೆಯಾಗಿಲ್ಲ. ಪಿಯುಸಿ ಓದಿದ್ದ ತಮ್ಮ ಮಾತ್ರ ಮೂಲೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದ. "ಚಾಚಾ, ಇದರಲ್ಲಿ ಏನೇನೋ ಬರ್ತಿದೆ. ಯಾವುದನ್ನು ನಂಬೋದು?" ಎಂದು ಕೇಳಿದ.

ಅವನ ಮೊಬೈಲಿನಲ್ಲಿ ಬಂದದ್ದು ಇಷ್ಟು: ಜಿನ್ನ್ ಬಿಡಿಸುವ ಆಮಿಲರೊಬ್ಬರ ವೀಡಿಯೊ, ಜ್ಯೋತಿಷಿಯ ಫೋನ್ ನಂಬರು, ವಾರದಲ್ಲಿ ಗುಣಪಡಿಸುವ ಪುಡಿಯ ಜಾಹೀರಾತು, ಇವುಗಳ ನಡುವೆ 'ಆಪ್ತಮಿತ್ರ' ಚಿತ್ರದ ಒಂದು ತುಣುಕು.

ಕನ್ನಡದಲ್ಲಿ ಇದಕ್ಕಿಂತ ಉತ್ತಮವಾದ ಮಾಹಿತಿ ಇಲ್ಲವೆಂದಲ್ಲ. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಮನೋರೋಗಗಳ ಕುರಿತ ಕೃತಿಗೆ ಅಂಥ ಗೌರವ ಸಿಕ್ಕಿದ ಭಾಷೆ ನಮ್ಮದು. ನಿಮ್ಹಾನ್ಸ್‌ನಲ್ಲಿ ವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದಿದ್ದಾರೆ. ಆದರೂ ಆ ಹುಡುಗನ ಕೈಗೆ ಇದಾವುದೂ ಸಿಗಲಿಲ್ಲ. ಒಂದು ಕಾರಣ ಭಾಷೆಯದು. ಅವನು ಹುಡುಕಿದ್ದು ಮನೆಯಲ್ಲಿ ಆಡುವ ಮಾತುಗಳನ್ನು; ತಿಳಿದವರು ಬರೆಯುವುದು 'ಪ್ರಸವಾನಂತರದ ಚಿತ್ತವಿಕಲತೆ' ಎಂದು. ನಮ್ಮ ಹಳ್ಳಿಗಳಲ್ಲಿ 'ಬಾಣಂತಿ ಸನ್ನಿ' ಎಂಬ ಮಾತೇ ಇತ್ತು. ಅದನ್ನು ಹಳ್ಳಿಗರ ಅಜ್ಞಾನವೆಂದು ಬದಿಗಿಟ್ಟು ಸಂಸ್ಕೃತದ ಪದ ಕಟ್ಟಿದೆವು. ಖಾಲಿಯಾದ ಜಾಗದಲ್ಲಿ ಆಮಿಲ ಬಂದು ಕುಳಿತ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅದನ್ನು ಹೇಳಲು ಎರಡು ಚಿತ್ರಗಳ ಮಾತೆತ್ತಬೇಕು.

ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 'ಶರಪಂಜರ' ತೆಗೆದರು. ಕಲ್ಪನಾ ಅಭಿನಯಿಸಿದ ಕಾವೇರಿಗೆ ಹೆರಿಗೆಯ ನಂತರ ಬುದ್ಧಿ ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗುತ್ತದೆ. ಸಾಮಾನ್ಯ ಚಿತ್ರವಾಗಿದ್ದರೆ ಅಲ್ಲಿಗೆ ಶುಭಂ. ಇಲ್ಲಿ ನಿಜವಾದ ಕಥೆ ಶುರುವಾಗುವುದೇ ಆಕೆ ಮನೆಗೆ ಬಂದ ಮೇಲೆ. ಜೋರಾಗಿ ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ. ಗಂಡನ ಮನಸ್ಸು ಬೇರೆ ಕಡೆಗೆ ಹೋಗಿದೆ. ವೈದ್ಯರು ಗುಣಪಡಿಸಿದವಳನ್ನು ಮನೆ ಮತ್ತೆ ಕಾಯಿಲೆಗೆ ತಳ್ಳುತ್ತದೆ. ಚಿತ್ರದಲ್ಲಿ ದೋಷವಿಲ್ಲವೆಂದಲ್ಲ. ಮದುವೆಗೆ ಮುಂಚಿನ ಘಟನೆಯೊಂದರ ಅಪರಾಧ ಪ್ರಜ್ಞೆಯನ್ನು ಕಾಯಿಲೆಯ ಬೇರಾಗಿ ತೋರಿಸಿದ್ದು ನನಗೆ ಒಪ್ಪಿಗೆಯಾಗದು. ಸಾವಿರ ಹೆರಿಗೆಗಳಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಈ ಕಾಯಿಲೆಯಲ್ಲಿ ಹೆರಿಗೆಯಿಂದಾಗುವ ದೇಹದ ಬದಲಾವಣೆ, ನಿದ್ದೆಗೇಡು, ವಂಶದ ಒಲವು ಇವುಗಳದೇ ಹೆಚ್ಚಿನ ಪಾತ್ರ. ಬಾಣಂತಿಯ ಚಾರಿತ್ರ್ಯವನ್ನು ಕೆದಕಬೇಕಾದ ಅಗತ್ಯವಿಲ್ಲ. ಆದರೂ ಮನೆಯ ಬಗ್ಗೆ ಆ ಚಿತ್ರ ಹೇಳಿದ ಸತ್ಯ ಇಂದಿಗೂ ಹಳತಾಗಿಲ್ಲ.

2004ರ 'ಆಪ್ತಮಿತ್ರ' ಇದಕ್ಕೆ ತದ್ವಿರುದ್ಧ. ಅಲ್ಲಿಯೂ ಮನೋವೈದ್ಯನಿದ್ದಾನೆ, ಇದು ದೆವ್ವವಲ್ಲ ಕಾಯಿಲೆ ಎಂಬ ವಿವರಣೆಯೂ ಇದೆ. ಆದರೆ ಒಂದು ರಾತ್ರಿಯ ನಾಟಕದಿಂದ ನಾಗವಲ್ಲಿ ಬಿಟ್ಟುಹೋಗುತ್ತಾಳೆ. ಮರುದಿನದ ಮಾತ್ರೆ ಇಲ್ಲ, ತಿಂಗಳ ತಪಾಸಣೆ ಇಲ್ಲ. ಹೆಸರು ವಿಜ್ಞಾನದ್ದು, ನಡೆ ಮಂತ್ರವಾದಿಯದು.

ಇಂದು ಮೊಬೈಲಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು 'ಆಪ್ತಮಿತ್ರ'ದ ಜಾತಿಯವು. ಒಳ್ಳೆಯವು ಕೂಡ ಲಕ್ಷಣಗಳನ್ನು ಪಟ್ಟಿ ಮಾಡಿ 'ವೈದ್ಯರನ್ನು ಕಾಣಿ' ಎಂಬಲ್ಲಿಗೆ ಮುಗಿಯುತ್ತವೆ. ಆಸ್ಪತ್ರೆಯ ಬಾಗಿಲ ತನಕ ಕೈಹಿಡಿದು ಕರೆದೊಯ್ದು, ಹೊರಬಂದವರನ್ನು ಬಸ್ ಸ್ಟಾಪಿನಲ್ಲಿ ಬಿಟ್ಟಂತೆ. ಹಾಲೂಡಿಸಬಹುದೇ, ಮಾತ್ರೆ ಎಷ್ಟು ಕಾಲ, ಮಗುವಿನೊಡನೆ ಒಬ್ಬಳನ್ನೇ ಯಾವಾಗ ಬಿಡಬಹುದು, ಗಂಡನ ಮನೆಯವರಿಗೆ ಏನು ಹೇಳುವುದು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲ. ಯಾವ ಸಲಹೆಯನ್ನು ನಂಬಬಹುದು ಎಂಬುದಕ್ಕೆ ನನ್ನ ಅಳತೆ ಸರಳ: ಅದು ಗುಣವಾದ ನಂತರದ ದಿನಗಳ ಬಗ್ಗೆ ಏನನ್ನಾದರೂ ಹೇಳುತ್ತದೆಯೇ? ಒಂದೇ ವಾರದಲ್ಲಿ ಗುಣ ಎನ್ನುವವನಿಗೆ ಎರಡನೆಯ ವಾರದ ಚಿಂತೆ ಇರುವುದಿಲ್ಲ.

ಈ ಉತ್ತರ ಸಿಗದ ಮನೆಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ನಾವು ಏರ್ವಾಡಿಯಲ್ಲಿ ಕಂಡಿದ್ದೇವೆ. ತಮಿಳುನಾಡಿನ ಆ ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲಿ ಒಂದಕ್ಕೆ 2001ರ ಆಗಸ್ಟ್ 6ರ ಮುಂಜಾನೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಜನ ಸತ್ತರು. ಅವರನ್ನು ಅಲ್ಲಿ ಬಿಟ್ಟವರೆಲ್ಲ ಕಟುಕರಾಗಿದ್ದರೆಂದು ನಾನು ನಂಬುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ಮುಜಾವರರ ನೆರವಿನೊಂದಿಗೆ ಮನೋವೈದ್ಯರು ಕುಳಿತರು. ದುವಾ ಬಿಡಬೇಡಿ, ದವಾ ಕೂಡ ತೆಗೆದುಕೊಳ್ಳಿ ಎಂದರು. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿಯವರೇ (ಸ) ಬೋಧಿಸಿದ್ದಾರೆ ಎಂಬುದನ್ನು ನಮ್ಮ ಖುತ್ಬಾಗಳಲ್ಲಿ ಸಕ್ಕರೆ ಕಾಯಿಲೆಯ ಜೊತೆಗೆ ಈ ಕಾಯಿಲೆಗೂ ಅನ್ವಯಿಸಿ ಹೇಳಬಾರದೇಕೆ?

ಆ ಹುಡುಗನಿಗೆ ನಾನು ಕೊಟ್ಟದ್ದು ಒಂದು ನಂಬರು: 14416. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಅದರ ಗುಣವೆಂದರೆ ಅಲ್ಲಿ ಸರಿಯಾದ ಪದ ಗೊತ್ತಿರಬೇಕಾಗಿಲ್ಲ. 'ಅಕ್ಕ ಮಲಗ್ತಿಲ್ಲ, ಮಗು ತನ್ನದಲ್ಲ ಅಂತಾಳೆ' ಎಂದ. ತಡಮಾಡದೆ ಕರೆದುಕೊಂಡು ಹೋಗಿ ಎಂದರು. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಬೇರ್ಪಡಿಸದೆ ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಿಭಾಗವಿದೆ. ಭಾರತದಲ್ಲಿ ಅಂಥದ್ದು ಅದೇ ಮೊದಲು. ಸಾಸಲಿನಿಂದ ಬಸ್ಸಿನಲ್ಲಿ ಹೋದರೆ ಅರ್ಧ ದಿನದ ದಾರಿ, ಆದರೆ ಅದು ಇದೆಯೆಂಬುದು ಆ ಮನೆಗೆ ಗೊತ್ತಿರಲಿಲ್ಲ.

ಹುಡುಗಿ ಚೇತರಿಸಿಕೊಂಡು ಮನೆಗೆ ಬಂದಳು. ರಮಝಾನ್ ಹತ್ತಿರವಾದಾಗ ತಮ್ಮ ಮತ್ತೆ ಫೋನ್ ಮಾಡಿದ. ಉಪವಾಸ ಹಿಡಿಯುತ್ತೇನೆಂದು ಅಕ್ಕ ಹಟ ಮಾಡುತ್ತಿದ್ದಾಳೆ, ಮಾತ್ರೆ ಹೇಗೆ? ಲಿಥಿಯಂನಂಥ ಮಾತ್ರೆ ತೆಗೆದುಕೊಳ್ಳುವವರ ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು. ರೋಗಿಗೆ ಕುರ್‌ಆನ್ ಉಪವಾಸದಿಂದ ವಿನಾಯಿತಿ ಕೊಟ್ಟಿದೆ. ಆದರೆ ನೋಡಲು ನೆಟ್ಟಗಿರುವವಳನ್ನು ರೋಗಿಯೆಂದು ಒಪ್ಪಲು ಮನೆಯವರು ಸಿದ್ಧರಿಲ್ಲ, ಅವಳೂ ಒಪ್ಪುತ್ತಿಲ್ಲ. ಮೊದಲು ಇಮಾಮರನ್ನು ಕೇಳಲೇ, ಡಾಕ್ಟರನ್ನೇ ಎಂದ. ಮೊದಲು ಡಾಕ್ಟರನ್ನು ಕೇಳು, ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆಸಿಕೊಂಡು ಇಮಾಮರಿಗೆ ತೋರಿಸು ಎಂದೆ. ಅವನು ಆ ಗುರುವಾರವೇ ಹೋಗಿ ಬರೆಸಿಕೊಂಡು ಬಂದ.